ಆಪ್ತಸಲಹೆ ಪ್ರಕರಣ: ಕ್ರೀಡಾಕೂಟದ ದಿನ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲೇ?

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಚಿನ್ನುಗೆ ಹನ್ನೆರಡು ವರ್ಷ. ಹುಟ್ಟಿನಿಂದಲೇ ಬರುವ, ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇದೆ. ಊರಿನ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಹಿಂದಿನ ವರ್ಷ ಕ್ರೀಡಾಕೂಟದಲ್ಲಿ ಅವಳನ್ನು ಅತಿಥಿಗಳ ಪಕ್ಕ ನಿಲ್ಲಿಸಿ ಬಹುಮಾನದ ತಟ್ಟೆ ಹಿಡಿಸಿದ್ದರು. ಕೊನೆಗೆ ಅವಳಿಗೂ ಒಂದು ಸ್ಟೀಲ್ ಲೋಟ ಕೊಟ್ಟು ಚಪ್ಪಾಳೆ ತಟ್ಟಿದರು. ಮನೆಗೆ ಬಂದವಳು "ನಾನು ಆಡೇ ಇಲ್ಲ" ಎಂದು ಲೋಟ ಮುಟ್ಟಲಿಲ್ಲವಂತೆ. "ಈ ಸಲ ಮನೇಲೇ ಇಟ್ಕೊಳ್ಳಲಾ ಮೇಡಂ?" ಎಂದು ಅವಳ ಅಮ್ಮ ಕೇಳಿದರು.

ಬೇಡ ಎಂದೆ. ತಾನು ಆಡಿಲ್ಲ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು. ಕಲಿಕೆ ನಿಧಾನವಾದ ಮಕ್ಕಳಿಗೆ ಇದೆಲ್ಲ ತಿಳಿಯಲ್ಲ ಅಂತ ನಾವೇ ಸುಮ್ನೆ ಅಂದುಕೊಂಡಿರುತ್ತೇವೆ.

ಅಮ್ಮನ ಒಪ್ಪಿಗೆ ಪಡೆದು ದೈಹಿಕ ಶಿಕ್ಷಕರ ಜೊತೆ ಮಾತಾಡಿದೆ. "ಬಿದ್ದರೆ ಯಾರು ಹೊಣೆ ಮೇಡಂ?" ಎಂದರು. ಅವರು ಕೆಟ್ಟವರಲ್ಲ. ಯಾವುದು ಅಪಾಯ, ಯಾವುದಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದು ಅಮ್ಮನಿಗೆ ಹೇಳಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಕೆಲವರಿಗೆ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಿರುತ್ತದೆ. ಅಂಥವರಿಗೆ ಪಲ್ಟಿ ಹೊಡೆಸುವುದು ಅಪಾಯ. ಕತ್ತು ನೋವು, ತಲೆ ಓರೆಯಾಗುವುದು, ನಡಿಗೆ ಬದಲಾಗುವುದು, ಕೈಯಲ್ಲಿ ಶಕ್ತಿ ಕುಂದುವುದು, ಹೊಸದಾಗಿ ಬಟ್ಟೆಯಲ್ಲೇ ಮೂತ್ರ ಹೋಗುವುದು ಕಂಡರೆ ಆಟ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಚಿನ್ನುವಿನ ಹೃದಯ ಚೆನ್ನಾಗಿದೆ, ಪಲ್ಟಿಯೊಂದು ಬೇಡ, ಉಳಿದದ್ದು ಆಡಲಿ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿ ನೋಡಿದ ಮೇಲೆ ಮೇಷ್ಟ್ರ ಮಾತಿನ ಧಾಟಿಯೇ ಬದಲಾಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಕೂಡ ಅಮ್ಮನಿಗೆ ತಿಳಿಸಿದೆ. ಸರ್ಕಾರಿ ಮತ್ತು ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳಿಗೆ ಪಾಠದ ಜೊತೆ ಆಟೋಟದಲ್ಲೂ ಉಳಿದವರಷ್ಟೇ ಅವಕಾಶ ಕೊಡಬೇಕು. ಇದು ತಿಳಿದಿರಲಿ, ಆದರೆ ಮೊದಲ ದಿನವೇ ಕಾಯ್ದೆ ಹಿಡಿದು ಜಗಳಕ್ಕೆ ಹೋಗಬೇಡಿ ಎಂದೆ.

ಯಾವ ಆಟ? ಚಿನ್ನು ಸಂಜೆ ಚಿಕ್ಕಪ್ಪನ ಮಗಳ ಜೊತೆ ಬಟ್ಟೆ ಒಣಹಾಕುವ ಹಗ್ಗದ ಮೇಲಿಂದ ಚೆಂಡು ಎಸೆದು ಆಡುತ್ತಾಳೆ. ಹಾಗಾದರೆ ಥ್ರೋಬಾಲ್ ಆಗಲಿ ಎಂದು ಗೊತ್ತುಮಾಡಿದೆವು. ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮ ಅವಳಿಗೆ ಕಷ್ಟ. ತರಗತಿಯ ಪಂದ್ಯದಲ್ಲಿ ಆ ಸಮಯವನ್ನು ಎಲ್ಲರಿಗೂ ಹೆಚ್ಚಿಸಲು ಮೇಷ್ಟ್ರನ್ನು ಕೇಳಿಕೊಂಡೆ. ಅವಳೊಬ್ಬಳಿಗೇ ರಿಯಾಯಿತಿ ಕೊಟ್ಟರೆ ಮತ್ತೆ ಲೋಟದ ಕಥೆಯೇ, ಅಲ್ವಾ? ಅಭ್ಯಾಸಕ್ಕೆ ದಿನಾ ಅದೇ ಜಾಗ, ಅದೇ ಜೊತೆಗಾತಿ. ಒಂದು ಸಲಕ್ಕೆ ಒಂದೇ ಸೂಚನೆ, ಅದನ್ನೂ ಮಾಡಿ ತೋರಿಸಿ. ಈ ಮಕ್ಕಳಲ್ಲಿ ಕಿವಿ ಮಂದವಿರುವುದು ಜಾಸ್ತಿ, ಆದ್ದರಿಂದ ಸೀಟಿ ಊದುವಾಗ ಕೈಯನ್ನೂ ಎತ್ತಿ. ತಂಡ ಗೆದ್ದರೆ ಬಹುಮಾನ, ಸೋತರೆ ಇಲ್ಲ.

ಪಂದ್ಯದಲ್ಲಿ ಅವಳ ತಂಡ ಸೋತಿತು. ಚೆಂಡು ಬಿಟ್ಟದ್ದಕ್ಕೆ ಗೆಳತಿ ಬೈದಳು, ಇವಳೂ ತಿರುಗಿ ಬೈದಳು. ಅಮ್ಮ ಇದನ್ನು ಹೇಳುವಾಗ ನಗುತ್ತಿದ್ದರು. ನನಗೂ ತುಂಬ ಖುಷಿಯಾಯಿತು. ಅತಿಥಿಗಳ ಪಕ್ಕ ನಿಂತವಳನ್ನು ಯಾರೂ ಬೈಯುವುದಿಲ್ಲ!

ಹೋಬಳಿ ಮಟ್ಟದ ತಂಡಕ್ಕೆ ಅವಳು ಆಯ್ಕೆಯಾಗಲಿಲ್ಲ. ಅದು ಸರಿಯೇ, ಅಲ್ಲಿ ಆಟದ ಮಟ್ಟವೇ ಮುಖ್ಯ. ಮುಂದೆ ಹೋಗುವ ಆಸೆಯಿದ್ದರೆ ಬೇರೆ ದಾರಿಯಿದೆ. 1968ರಲ್ಲಿ ಶಿಕಾಗೋದಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಬೌದ್ಧಿಕ ನ್ಯೂನತೆ ಇರುವವರು ಮತ್ತು ಇಲ್ಲದವರು ಒಂದೇ ತಂಡದಲ್ಲಿ ಆಡುವ ಯೂನಿಫೈಡ್ ಆಟಗಳೂ ಇವೆ. ನಮ್ಮ ದೇಶದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಇದನ್ನು ನಡೆಸುತ್ತದೆ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಇರುವ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಶಿಕ್ಷಕರನ್ನು ವಿಚಾರಿಸಲು ಅಮ್ಮನಿಗೆ ಹೇಳಿದೆ.

ಮನೆಯ ಕೆಲಸ ಇನ್ನೂ ಬಾಕಿಯಿದೆ. "ಜನ ನೋಡ್ತಾರೆ" ಎಂದು ಅಜ್ಜಿ ಅವಳನ್ನು ಮದುವೆಮನೆಗೆ ಕರೆದೊಯ್ಯುವುದಿಲ್ಲ. ಅವಳ ವಯಸ್ಸಿನ ಬೇರೆ ಹುಡುಗಿಯರು ಏನು ಮಾಡುತ್ತಾರೋ ಅದನ್ನೇ ಇವಳಿಗೂ ಕೊಡಿ ಎಂದಿದ್ದೇನೆ: ಅಂಗಡಿಯಿಂದ ಹಾಲು ತರುವುದು, ಊರಹಬ್ಬದಲ್ಲಿ ಪಂಕ್ತಿಗೆ ಎಲೆ ಹಾಕುವುದು. ಮುಂದಿನ ಸಲ ಅಜ್ಜಿಯನ್ನೂ ಕರೆತರಲು ಹೇಳಿದ್ದೇನೆ. ಅಷ್ಟರೊಳಗೆ ಚಿನ್ನುವಿನ ಕಿವಿ ಪರೀಕ್ಷೆಯೂ ಆಗಬೇಕು.