ಮುಖದ ಮಚ್ಚೆ ತೆಗೆಯಲು ಗೇರುಸಿಪ್ಪೆಯ ಎಣ್ಣೆ ಹಚ್ಚಬಹುದೇ?

ದಯವಿಟ್ಟು ಹಚ್ಚಬೇಡಿ. ನಮ್ಮ ಕುಮಟಾ, ಅಂಕೋಲಾ ಕಡೆ ಗೇರುಬೀಜ ಸುಟ್ಟವರಿಗೆ ಗೊತ್ತಲ್ವಾ, ಆ ಎಣ್ಣೆ ಬೆರಳಿಗೆ ತಾಗಿದರೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಮುಖಕ್ಕೆ ಹಾಗಾದರೆ ಮಚ್ಚೆಗಿಂತ ದೊಡ್ಡ ಕಲೆ ಉಳಿಯಬಹುದು. ಸುಣ್ಣ, ಸೋಡಾ ಕೂಡ ಬೇಡ.

ಉಬ್ಬಿದ ಮಚ್ಚೆಯಾದರೆ ಚರ್ಮದ ಡಾಕ್ಟರು ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರ್ ಸಂಶಯ ಬಂದರೆ ಆ ತುಣುಕು ಬಯಾಪ್ಸಿಗೆ, ಅಂದರೆ ಲ್ಯಾಬ್ ಪರೀಕ್ಷೆಗೆ ಹೋಗುತ್ತದೆ. ಮನೆಯಲ್ಲೇ ಸುಟ್ಟುಕೊಂಡರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ, ನನಗೆ ಹೆದರಿಕೆ ಅದೇ.

ಹುಟ್ಟಿನಿಂದ ಬಂದ ಕೆಂಪು ಮಚ್ಚೆಗೆ ಲೇಸರ್ ಇದೆ, ಹಲವು ಸಲ ಹೋಗಬೇಕು. ಕೂಸಿನ ಸೊಂಟದ ಹತ್ತಿರದ ನೀಲಿ ಮಚ್ಚೆ ಸಾಮಾನ್ಯವಾಗಿ ತಾನಾಗೇ ಮಾಸುತ್ತದೆ.

ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಾದರೆ, ರಕ್ತ ಬಂದರೆ, 6 ಮಿ.ಮೀ.ಗಿಂತ ಅಗಲವಿದ್ದರೆ ತಡಮಾಡದೆ ತೋರಿಸಿ.