ಹೊರಡುವುದು ಸರಿ, ಎಲ್ಲಿಗೆ?

ಮಡಿಕೇರಿ ತಾಲ್ಲೂಕಿನ ಬೆಟ್ಟದೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ಜೂನ್ ಬಂತೆಂದರೆ ಪಂಚಾಯಿತಿ ನೋಟಿಸ್, ಸುರಕ್ಷಿತ ಜಾಗಕ್ಕೆ ಹೋಗಿ ಅಂತ. ಎರಡು ವರ್ಷ ಹೋದೆವು, ಏನೂ ಆಗಲಿಲ್ಲ. ರೆಡ್ ಅಲರ್ಟ್ ಅಂದ ದಿನ ಬಿಸಿಲು. ಹಸುಗಳನ್ನು ಬಿಟ್ಟು ಎಷ್ಟು ಸಲ ಓಡುವುದು? ಈ ವರ್ಷ ನಾವು ಕದಲುವುದಿಲ್ಲ.’

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಆ ಕೊನೆಯ ಮಾತನ್ನು ಹಾಗೇ ಬಿಡಲು ಮನಸ್ಸಾಗದೆ ಇಷ್ಟುದ್ದ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಬೆಟ್ಟಗಳು ಜರಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಹಿರಿಯರೊಬ್ಬರ ಪಕ್ಕ ಕುಳಿತಿದ್ದೆ. ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಮಳೆಯ ಲೆಕ್ಕದ ಪುಸ್ತಕ ಮಾತ್ರ ಇತ್ತು. ದಿನಕ್ಕೊಂದು ಸಾಲು, ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ), ನೀಲಿ ಶಾಯಿ ನೆನೆದು ಹರಡಿತ್ತು. ಇಂಥ ಮಳೆ ತಾವು ಬರೆದೇ ಇಲ್ಲ ಎಂದು ಅವರಿಗೆ ಎರಡು ದಿನ ಮೊದಲೇ ಗೊತ್ತಾಗಿತ್ತಂತೆ. ‘ಹೊರಡಬೇಕು ಅನ್ನಿಸಿತ್ತು. ಎಲ್ಲಿಗೆ ಅಂತ ಮನೆಯಲ್ಲಿ ಮಾತೇ ಆಗಿರಲಿಲ್ಲ’ ಎಂದರು.

ನಾನು ಹೇಳಬೇಕಾದದ್ದೂ ಅಷ್ಟೇ. ಆ ಮಾತು ಮಳೆ ಹಿಡಿಯುವ ಮೊದಲೇ ಆಗಬೇಕು.

ಹವಾಮಾನ ಇಲಾಖೆಯ ಅಲರ್ಟಿನ ಬಣ್ಣಗಳನ್ನು ನಮ್ಮ ಇಂಚಿಗೆ ಇಳಿಸಿ ನೋಡಿ. 24 ಗಂಟೆಯಲ್ಲಿ ಸುಮಾರು 2.5ರಿಂದ 4.5 ಇಂಚು ನಿರೀಕ್ಷೆಯಿದ್ದರೆ ಸಾಮಾನ್ಯವಾಗಿ ಹಳದಿ, 8ರವರೆಗೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಇದು ಇಡೀ ಜಿಲ್ಲೆಗೆ ಕೊಡುವ ಸೂಚನೆ. ಭಾಗಮಂಡಲದಲ್ಲಿ ಧೋ ಎಂದು ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುವುದು ನಮಗೆ ಹೊಸದೇ? ಬಿಸಿಲು ಬಂತೆಂದು ಸೂಚನೆ ಸುಳ್ಳಾಗಲಿಲ್ಲ. ಅಲ್ಲದೆ ದಿನಗಟ್ಟಲೆ ನೀರು ಕುಡಿದ ಮಣ್ಣು ಮಳೆ ನಿಂತ ಮೇಲೂ ಜಾರುತ್ತದೆ.

ನಿಮ್ಮ ಬರೆಯ, ಅಂದರೆ ಮನೆ ಪಕ್ಕದ ಕಡಿದಾದ ಮಣ್ಣಿನ ಇಳಿಜಾರಿನ, ಸುದ್ದಿಯನ್ನು ಬೆಂಗಳೂರಿನಿಂದ ಯಾರೂ ಹೇಳಲಾರರು, ನೀವೇ ನೋಡಬೇಕು. ಮನೆ ಹಿಂದೆ ಮಣ್ಣು ಕಡಿದು ಅಂಗಳ ಮಾಡಿದ್ದೀರಾ? ತೋಟದ ರಸ್ತೆಗೆ ಜೆಸಿಬಿ ಹೋಗಿದೆಯಾ? ಚರಂಡಿ ನೀರು ಎಲ್ಲಿ ಇಂಗುತ್ತಿದೆ? ಅಂಗಳದಲ್ಲಿ ಹೊಸ ಬಿರುಕು, ವಾಲಿದ ಸಿಲ್ವರ್ ಓಕ್, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಹಿಂದೆಂದೂ ಇಲ್ಲದ ಕಡೆ ಒರತೆ, ಕೆಂಪಾಗಿ ಹರಿಯುವ ಅಥವಾ ಮಳೆಯಲ್ಲೇ ಬತ್ತಿದ ಕೊಲ್ಲಿ (ಬೆಟ್ಟದ ತೊರೆ): ಇವುಗಳಲ್ಲಿ ಒಂದು ಕಂಡರೂ ಯಾವ ಬಣ್ಣಕ್ಕೂ ಕಾಯಬೇಡಿ, ಹೊರಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಆಮೇಲೆ ಮಾಡಿದರಾಯಿತು.

ಹಸುಗಳ ಮಾತಿಗೆ ಬರುತ್ತೇನೆ. ಅದೇ ನಿಮ್ಮ ಪತ್ರದ ನಿಜವಾದ ಪ್ರಶ್ನೆ. ಕೊಟ್ಟಿಗೆ ಇಲ್ಲದ ಪರಿಹಾರ ಕೇಂದ್ರಕ್ಕೆ ಹಸು ಸಾಕಿದವರು ಬರುವುದಿಲ್ಲ. ಅದನ್ನು ಹಟ ಎನ್ನುವುದು ತಪ್ಪು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಜಿಲ್ಲೆಗೊಂದು ಯೋಜನೆ ಇಟ್ಟುಕೊಂಡು ಪ್ರತಿ ವರ್ಷ ಪರಿಷ್ಕರಿಸಬೇಕು. ಅದರಲ್ಲಿ ನಮ್ಮೂರಿನ ಜಾನುವಾರಿಗೆ ಯಾವ ಜಾಗ ಬರೆದಿದ್ದೀರಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಬರುವವರೆಗೆ ಗಟ್ಟಿ ಜಾಗದಲ್ಲಿರುವ ನೆಂಟರ ಕೊಟ್ಟಿಗೆಯನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ಅದೂ ಆಗದ ರಾತ್ರಿ ಹಗ್ಗ ಬಿಚ್ಚಿಬಿಟ್ಟು ಬನ್ನಿ, ಕಟ್ಟಿಹಾಕಿ ಬರಬೇಡಿ.

ತೋಟದ ಕಾರ್ಮಿಕರ ಸಾಲು ಮನೆಗಳನ್ನು, ನಮ್ಮ ಲೈನ್ ಮನೆಗಳನ್ನು, ಮರೆಯಬೇಡಿ. ಅಸ್ಸಾಮಿನಿಂದ ಬಂದು ನಿಮ್ಮ ತೋಟದಲ್ಲಿ ಕಾಫಿ ಕೊಯ್ಯುವವರಿಗೆ ಜೀಪಿನ ಮೈಕಿನ ಕನ್ನಡ ತಿಳಿಯುವುದಿಲ್ಲ, ನಮ್ಮ ಕೊಲ್ಲಿಗಳ ಸ್ವಭಾವವೂ ಗೊತ್ತಿಲ್ಲ. ಅವರನ್ನು ಎಬ್ಬಿಸುವವರು ಯಾರು ಎಂಬುದು ಹೆಸರು ಹಿಡಿದು ತೀರ್ಮಾನವಾಗಬೇಕು.

ಕರೆಂಟ್ ಹೋಗಿ, ಟವರ್‌ನ ಬ್ಯಾಟರಿ ಇಳಿದ ಮೇಲೆ ವಾಟ್ಸ್ಆ್ಯಪ್ ಗುಂಪಿನಿಂದ ಏನೂ ಆಗದು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದು ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ. ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ಊರಿಗೆ ಮುಟ್ಟಿಸುತ್ತಿದ್ದ ನಾಡು ನಮ್ಮದು. ಬದುಕಿರುವವರನ್ನು ಎಬ್ಬಿಸುವುದಕ್ಕೂ ಊರಿಗೆಲ್ಲ ಗೊತ್ತಿರುವ ಒಂದು ಸದ್ದು ಬೇಕು. ದೇವಸ್ಥಾನದ ಗಂಟೆಯಾಗಲಿ, ಉದ್ದನೆಯ ಸೀಟಿಯಾಗಲಿ, ಇದೇ ಎಂದು ಮೊದಲೇ ಒಪ್ಪಿಕೊಳ್ಳಿ. ಅದನ್ನು ಕೇಳಿದವರು ಯಾವ ದಾರಿಯಲ್ಲಿ ಇಳಿಯಬೇಕು, ಕೊಲ್ಲಿ ದಾಟದ ದಾರಿ ಯಾವುದು ಎಂದು ಹಗಲು ಹೊತ್ತಿನಲ್ಲಿ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ನಡೆದು ನೋಡಿ. ಆರ್‌ಟಿಸಿ, ಆಧಾರ್, ಬಿಪಿ ಮಾತ್ರೆ, ಟಾರ್ಚು ಒಂದೇ ಚೀಲದಲ್ಲಿ ಬಾಗಿಲ ಹಿಂದೆ ಇರಲಿ.

ಕಾಫಿ ಹೂ ಅರಳಿಸುವ ಹೂಮಳೆ ಮುಗಿದಿದೆ, ಮುಂಗಾರಿಗೆ ಇನ್ನೂ ಕೆಲವು ವಾರಗಳಿವೆ. ನಿಮ್ಮ ಬೆಟ್ಟದ ಮನೆಗಳವರು ಒಂದು ಭಾನುವಾರ ಒಟ್ಟು ಸೇರುವುದಾದರೆ ದಿನ ತಿಳಿಸಿ. ಆ ದಾರಿಯಲ್ಲಿ ನಿಮ್ಮ ಜೊತೆ ನಡೆಯಲು ನಾನೂ ಬರುತ್ತೇನೆ.

– ಸಂಪಾದಕ