ಓದುಗರ ಪ್ರಶ್ನೆ: ಭೋಪಾಲದ ಮಾನವ ಸಂಗ್ರಹಾಲಯಕ್ಕೆ ಒಂದು ಗಂಟೆ ಸಾಕಾ?

ಪ್ರಶ್ನೆ: ಮೇಡಂ, ಡಿಸೆಂಬರ್ ರಜೆಯಲ್ಲಿ ಭೋಪಾಲಕ್ಕೆ ಹೋಗುತ್ತಿದ್ದೇವೆ. ಜೊತೆಗೆ ನಮ್ಮ ಅತ್ತೆ, ಏಳನೇ ಕ್ಲಾಸಿನ ಮಗಳು. ಅಲ್ಲಿನ ಮಾನವ ಸಂಗ್ರಹಾಲಯ ನೋಡಿ ಬಂದವರೊಬ್ಬರು "ಬರೀ ಗುಡಿಸಲು, ಒಂದು ಗಂಟೆ ಸಾಕು" ಅಂದರು. ಹೌದಾ?

ಉತ್ತರ: ಇಲ್ಲ, ಒಂದು ಗಂಟೆ ಏನಕ್ಕೂ ಸಾಲದು. ಕಡಿಮೆ ಅಂದರೂ ಅರ್ಧ ದಿನ ಇಟ್ಟುಕೊಳ್ಳಿ. ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಅಂದರೆ ಶ್ಯಾಮಲಾ ಹಿಲ್ಸ್ ಮೇಲೆ ಸುಮಾರು 200 ಎಕರೆ ಜಾಗ, ಪಕ್ಕದಲ್ಲೇ ಭೋಪಾಲದ ದೊಡ್ಡ ಕೆರೆ. 1977ರಲ್ಲಿ ದೆಹಲಿಯಲ್ಲಿ ಶುರುವಾಗಿ ಆಮೇಲೆ ಇಲ್ಲಿಗೆ ಬಂತು.

"ಬರೀ ಗುಡಿಸಲು" ಅನ್ನುವ ಮಾತು ಓದಿ ನನಗೆ ಬೇಜಾರಾಯಿತು. ಅಲ್ಲಿ ಬಯಲಲ್ಲಿರುವ ಬುಡಕಟ್ಟು ಮನೆಗಳು ಯಾರೋ ಕಂಟ್ರಾಕ್ಟರು ನೋಡಿಕೊಂಡು ಮಾಡಿದ ಮಾದರಿಗಳಲ್ಲ. ಆಯಾ ಸಮುದಾಯದವರನ್ನೇ ಕರೆಸಿ, ಅವರು ತಮ್ಮೂರಲ್ಲಿ ಹೇಗೆ ಕಟ್ಟಿಕೊಳ್ಳುತ್ತಾರೋ ಹಾಗೇ ಅವರ ಕೈಯಲ್ಲೇ ಕಟ್ಟಿಸಿದ್ದು. ಅದಕ್ಕೇ ಒಂದು ಮನೆಯ ಹಾಗೆ ಇನ್ನೊಂದಿಲ್ಲ.

ನೀಲಗಿರಿಯ ತೋಡರ ಮನೆಯನ್ನೇ ತೆಗೆದುಕೊಳ್ಳಿ. ದೂರದಿಂದ ನೋಡಿದರೆ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿಟ್ಟ ಹಾಗಿದೆ. ಹತ್ತಿರ ಹೋಗಿ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಎಷ್ಟು ಚಿಕ್ಕದು ಅಂದರೆ ದೊಡ್ಡವರು ತೆವಳಿಕೊಂಡೇ ಒಳಗೆ ಹೋಗಬೇಕು. ಬೆಟ್ಟದ ಚಳಿಗಾಳಿ ನುಗ್ಗಬಾರದು, ಕಾಡುಪ್ರಾಣಿ ಬರಬಾರದು, ಒಳಗಿನ ಒಲೆಯ ಬಿಸಿ ಹೊರಗೆ ಹೋಗಬಾರದು, ಇಷ್ಟೆಲ್ಲ ಲೆಕ್ಕ ಆ ಒಂದು ಪುಟ್ಟ ಬಾಗಿಲಲ್ಲಿದೆ. ಮೇಲೆ ಬಿದಿರು, ಬೆತ್ತ ಬಗ್ಗಿಸಿ ಕಟ್ಟಿ ಹುಲ್ಲು ಹೊದಿಸಿದ್ದಾರೆ. ನಾನು ಅಲ್ಲೇ ಇಪ್ಪತ್ತು ನಿಮಿಷ ಕೂತಿದ್ದೆ, ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಹಾಗೇ ಛತ್ತೀಸಗಢದ ರಜ್ವಾರ್ ಸಮುದಾಯದ ಮನೆಯ ಮಣ್ಣಿನ ಜಾಲರಿ ನೋಡಲು ಮರೆಯಬೇಡಿ. ಬಿದಿರನ್ನು ಬಳೆಯಾಗಿ ಬಗ್ಗಿಸಿ, ಮಣ್ಣು ಮೆತ್ತಿ ಮಾಡಿದ ಜಾಲರಿ, ಅದರ ಮೇಲೆ ಹಕ್ಕಿಗಳು. ಗುಜರಾತಿನ ರಾಠ್ವಾ ಬುಡಕಟ್ಟಿನವರ ಮನೆಯಲ್ಲಾದರೆ ಗೋಡೆ ತುಂಬ ಪಿಠೋರಾ ಅನ್ನುವ ಚಿತ್ರದ ಕುದುರೆಗಳು. ಅವರಿಗೆ ಅದು ಅಲಂಕಾರವಲ್ಲ, ದೇವರಿಗೆ ಹೊತ್ತ ಹರಕೆ ತೀರಿಸುವ ರೀತಿ.

ಪ್ರಶ್ನೆ: ಮಗಳಿಗೆ ಬೋರ್ ಆಗಲ್ವಾ? ಅತ್ತೆಗೆ ಮಂಡಿನೋವು ಬೇರೆ.

ಉತ್ತರ: ಮಗಳಿಗೆ ಬೋರ್ಡು ಓದಿಸಬೇಡಿ. ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಪ್ರತಿ ಮನೆಯಲ್ಲೂ ಒಲೆ ಎಲ್ಲಿದೆ, ಕಾಳು ಎಲ್ಲಿಡುತ್ತಾರೆ, ಕಂಬಕ್ಕೆ ತೊಲೆ ಹೇಗೆ ಕೂರಿಸಿದ್ದಾರೆ, ಇಷ್ಟು ಹುಡುಕಿ ಬರೆಯಲಿ. ನಾಲ್ಕನೇ ಮನೆಗೆ ಬರುವ ಹೊತ್ತಿಗೆ ಅವಳೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾಳೆ. ನಾಗಾ ಯುವಕರ ಮೊರುಂಗ್ ಅನ್ನು ಅವಳಿಗೆ ತೋರಿಸಲೇಬೇಕು. ಊರಿನ ಹುಡುಗರೆಲ್ಲ ಒಟ್ಟಿಗೆ ಇದ್ದು ಕೆಲಸ, ಕಥೆ, ಹಾಡು ಕಲಿಯುತ್ತಿದ್ದ ಮನೆ ಅದು.

ಅತ್ತೆಯ ವಿಷಯ ನೇರವಾಗಿ ಹೇಳುತ್ತೇನೆ. ಬಯಲಿನ ಭಾಗದಲ್ಲಿ ಏರು ತಗ್ಗು ಜಾಸ್ತಿ, ನಡಿಗೆಯೂ ಜಾಸ್ತಿ. ಬೆಳಿಗ್ಗೆ ತಂಪಿರುವಾಗ ಬುಡಕಟ್ಟು ಮನೆಗಳಲ್ಲಿ ಐದಾರನ್ನು ಮಾತ್ರ ಆರಿಸಿಕೊಂಡು ನಿಧಾನಕ್ಕೆ ನೋಡಿ. ಬಿಸಿಲೇರಿದ ಮೇಲೆ ವೀಥಿ ಸಂಕುಲ ಅನ್ನುವ ಒಳಾಂಗಣ ಕಟ್ಟಡಕ್ಕೆ ಬನ್ನಿ. ಬಯಲಿನಲ್ಲೇ ಇರುವ ಕರಾವಳಿ ಹಳ್ಳಿ, ಮರುಭೂಮಿ ಹಳ್ಳಿ, ಹಿಮಾಲಯದ ಹಳ್ಳಿ ಎಲ್ಲವನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ, ಯಾವುದೂ ನೆನಪಲ್ಲಿ ಉಳಿಯಲ್ಲ. ಆವರಣದಲ್ಲೇ ಹಳೇ ಕಾಲದ ಚಿತ್ರಗಳಿರುವ ಬಂಡೆ ಆಸರೆಗಳೂ ಇವೆ. ಇಂಥ ಬಂಡೆಚಿತ್ರಗಳಿಗೆ ಹೆಸರಾದ ಭೀಮ್‌ಬೇಟ್ಕಾಗೆ ಹೋಗಲು ಆಗದಿದ್ದರೆ ಅವನ್ನಾದರೂ ನೋಡಿ.

ಹತ್ತಿರದಲ್ಲೇ ಇರುವ ಮಧ್ಯಪ್ರದೇಶ ಬುಡಕಟ್ಟು ಮ್ಯೂಸಿಯಂ 2013ರದ್ದು. ಅದೂ ಚೆನ್ನಾಗಿದೆ, ಆದರೆ ಇನ್ನೊಂದು ದಿನಕ್ಕಿಡಿ. ಎರಡಕ್ಕೂ ಸೋಮವಾರ ರಜೆ, ಟಿಕೆಟ್ ಬುಕ್ ಮಾಡುವಾಗ ಅದೊಂದನ್ನು ನೋಡಿಕೊಳ್ಳಿ.